ಉಪ್ಪಿನಕ್ಕನ ಅಂಗೈ

ಮನೆಯಲ್ಲಿ ಅವಳಂಥ ಮರೆಗುಳಿ ಇನ್ನೊಬ್ಬರಿರಲಿಲ್ಲ. ಹಾಲು ಒಲೆಯ ಮೇಲಿಟ್ಟು, ಅದು ಉಕ್ಕಿ ಒಲೆ ಆರಿ ಹೋದ ಮೇಲೆ ಬಂದು, "ಅಯ್ಯೋ, ಯಾರು ಹಾಲು ಇಟ್ಟಿದ್ದು?" ಅಂತ ಗಂಡನನ್ನೇ ದಬಾಯಿಸುವ ಹೆಂಗಸು. ಕೊಡೆಗಳನ್ನಂತೂ ಬಸ್ಸಿನವರಿಗೆ ದಾನ ಮಾಡಲೆಂದೇ ಕೊಳ್ಳುತ್ತಾಳೇನೋ ಅನ್ನಿಸುತ್ತಿತ್ತು. ಒಮ್ಮೆ ಟಿವಿಯ ರಿಮೋಟು ಎರಡು ದಿನ ಕಾಣೆಯಾಗಿ, ಕೊನೆಗೆ ಫ್ರಿಜ್ಜಿನಲ್ಲಿ ತರಕಾರಿಯ ನಡುವೆ ತಣ್ಣಗೆ ಮಲಗಿದ್ದು ಸಿಕ್ಕಿತು. ಕನ್ನಡಕದ ವಿಷಯ ಕೇಳಲೇಬೇಡಿ. ಅವಳ ಗಂಡ ಬೀಗ ರಿಪೇರಿಯವನು. ಎಂಥ ತುಕ್ಕು ಹಿಡಿದ ಬೀಗವನ್ನಾದರೂ ತೆರೆಯಬಲ್ಲವನು, ಹೆಂಡತಿ ಕನ್ನಡಕವನ್ನು ಎಲ್ಲಿಟ್ಟಿದ್ದಾಳೆ ಅನ್ನುವುದನ್ನು ಮಾತ್ರ ಮೂವತ್ತು ವರ್ಷದಿಂದ ಕಂಡುಹಿಡಿಯಲಾರದೆ ಕೈಚೆಲ್ಲಿದ್ದ.

ಇಂಥವಳಿಗೆ ಕೆಲಸ ಎಲ್ಲಿ ಅಂತೀರಿ? ನೆನಪಿನ ಮೇಲೆ ಸಂಶೋಧನೆ ಮಾಡುವ ಪ್ರಯೋಗಾಲಯದಲ್ಲಿ! ಇಪ್ಪತ್ತಾರು ವರ್ಷದಿಂದ. ಅಲ್ಲಿ ಅವಳಿಗೆ ಉಪ್ಪಿನಕ್ಕ ಅಂತ ಹೆಸರು, ಮತ್ತು ಅಲ್ಲಿ ಅವಳು ಒಂದೇ ಒಂದು ದಿನ ಒಂದು ಚಿಟಿಕೆ ತಪ್ಪಿದ್ದಿಲ್ಲ. ಮನೆ ಬಾಗಿಲು ದಾಟಿ ಬಿಳಿ ಕೋಟು ತೊಟ್ಟರೆ ಸಾಕು, ಹೆಂಗಸೇ ಬೇರೆ.

ಅವಳ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಇಲಿಯ ಮಿದುಳಿನ ಒಂದು ಹೋಳು, ನಾಲ್ಕು ಹಾಳೆ ಕಾಗದ ಜೋಡಿಸಿದಷ್ಟೇ ದಪ್ಪ. ಅದನ್ನು ತಲೆಯಿಂದ ಹೊರಗೆ ತೆಗೆದ ಮೇಲೂ ಏಳೆಂಟು ಗಂಟೆ ಜೀವಂತ ಇಡಬೇಕು. ಇಡುವುದು ಒಂದು ಬಗೆಯ ಉಪ್ಪುನೀರಿನಲ್ಲಿ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಮೇಲಿಂದ ಒಂದಿಷ್ಟು ಸಕ್ಕರೆ, ಹೀಗೆ ಒಟ್ಟು ಏಳು ಸಾಮಾನು. ನೀರಿನೊಳಗೆ ಆಮ್ಲಜನಕದ ಗುಳ್ಳೆ ಬುಳುಬುಳು ಏಳುತ್ತಿರಬೇಕು. ಈ ನೀರು ಸರಿಯಿದ್ದರೆ ಹೋಳು ಆರಾಮಾಗಿ ಬದುಕಿರುತ್ತದೆ, ಕರೆಂಟಿನ ಸಣ್ಣ ಚುಚ್ಚು ಕೊಟ್ಟರೆ ಉತ್ತರವನ್ನೂ ಕೊಡುತ್ತದೆ. ನೀರು ಕೆಟ್ಟರೆ ದೊಡ್ಡ ದೊಡ್ಡ ಪದವಿಯವರೆಲ್ಲ ಕೈಕಟ್ಟಿ ಕೂರಬೇಕಾಗುತ್ತದೆ.

ಪ್ರತಿ ಸೋಮವಾರ ಅವಳು ಒಂದೊಂದು ಉಪ್ಪನ್ನೂ ತೂಗಿ ಗಟ್ಟಿ ದ್ರಾವಣ ಮಾಡಿ ಏಳು ಸೀಸೆಗಳಲ್ಲಿ ತುಂಬಿಡುವಳು. ದಿನಾ ಬೆಳಿಗ್ಗೆ ಆ ಏಳೂ ಸೀಸೆಗಳನ್ನು ಮೇಜಿನ ಎಡಗಡೆ ಸಾಲಾಗಿ ನಿಲ್ಲಿಸಿ, ಒಂದರಿಂದ ಅಳೆದು ಹಾಕಿದ ತಕ್ಷಣ ಅದನ್ನು ಬಲಗಡೆಗೆ ದಾಟಿಸುವಳು. ಎಡ ಖಾಲಿಯಾಯಿತೋ, ನೀರು ತಯಾರಾಯಿತು. ಇದನ್ನು ಅವಳಿಗೆ ಯಾವ ವಿಜ್ಞಾನಿಯೂ ಹೇಳಿಕೊಟ್ಟಿದ್ದಲ್ಲ. ಅವಳ ಅಮ್ಮ ಬಟ್ಟೆ ಹೊಲಿಯುತ್ತಿದ್ದವಳು, ಕತ್ತರಿಸಿದ ತುಂಡುಗಳನ್ನೆಲ್ಲ ಎಡಕ್ಕಿಟ್ಟು, ಹೊಲಿದದ್ದನ್ನು ಬಲಕ್ಕೆ ಹಾಕುತ್ತಿದ್ದಳು. ಮಷೀನಿನ ಕೆಳಗೆ ಕೂತು ಗುಂಡಿ ಆಯುತ್ತಿದ್ದ ಮಗಳ ಕೈಗೆ ಅದು ಹಾಗೇ ಅಂಟಿಕೊಂಡಿತ್ತು.

ಇನ್ನೊಂದು ಕ್ರಮವೂ ಇತ್ತು, ಅದು ಪ್ರಯೋಗಾಲಯದ್ದು. ಏಳು ಸಾಮಾನು ಬರೆದ ಒಂದು ಹಾಳೆ, ಹಾಕಿದ ಹಾಗೆಲ್ಲ ಒಂದೊಂದಕ್ಕೂ ಗುರುತು ಹಾಕಬೇಕು. ಉಪ್ಪಿನಕ್ಕ ಎಲ್ಲ ಮುಗಿದ ಮೇಲೆ ಪೆನ್ನು ಹುಡುಕಿ, ಏಳಕ್ಕೂ ಒಟ್ಟಿಗೇ ಪಟಪಟ ಗುರುತು ಗೀಚಿಬಿಡುವಳು. "ಕೈ ಒದ್ದೆಯಾಗಿರುತ್ತೆ, ಪದೇ ಪದೇ ಯಾರು ಒರೆಸ್ಕೊಳ್ಳೋದು? ನನ್ನ ಎಡಗಡೆ ಸುಳ್ಳು ಹೇಳಲ್ಲ," ಎಂದು ಅವಳ ಸಮಜಾಯಿಷಿ. ಈ ಸೋಮಾರಿತನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅವಳಿಗೇ ಕುತ್ತಾಗಿ ಬರುತ್ತದೆ.

ಮಾತು ಬಂತಲ್ಲ, ನೆನಪು ಅಂದರೇನು ಅನ್ನುವುದನ್ನು ಅವಳ ಬಾಯಲ್ಲೇ ಕೇಳಬೇಕು. ಒಂದು ಭಾನುವಾರ ಗಂಡ ಬೀಗಕ್ಕೆ ಎಣ್ಣೆ ಬಿಡುತ್ತಾ, "ಅಲ್ಲ ಕಣೇ, ಆ ಇಲಿ ಮಿದುಳಲ್ಲಿ ಅಂಥದ್ದೇನು ಹುಡುಕ್ತೀರಿ ನೀವು?" ಅಂತ ಕೇಳಿಬಿಟ್ಟಿದ್ದ. ಅವಳಿಗೆ ಅಷ್ಟೇ ಬೇಕಿತ್ತು.

"ನೋಡ್ರೀ, ಒಂದು ನರಕೋಶ ಪಕ್ಕದ್ದಕ್ಕೆ ಸುದ್ದಿ ಕಳಿಸುತ್ತೆ. ಇಬ್ಬರ ನಡುವೆ ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದು. ಈ ದಡದಿಂದ ರಾಸಾಯನಿಕ ಬಿಡುತ್ತೆ, ಆ ದಡದಲ್ಲಿ ಅದನ್ನ ಹಿಡಿಯೋಕೆ ಗ್ರಾಹಕಗಳು ಕೂತಿರ್ತವೆ. ಪುಟ್ಟ ಪುಟ್ಟ ಬಾಗಿಲು ಅಂದ್ಕೊಳ್ಳಿ. ಅದರಲ್ಲಿ ಎರಡು ಜಾತಿ. ಒಂದು ಜಾತಿ ಬಾಗಿಲು ಯಾರು ಬೆಲ್ ಹೊಡೆದ್ರೂ ತೆಗೆಯುತ್ತೆ, ಪಾಪ, ಭೋಳೇ ಸ್ವಭಾವ. ಇನ್ನೊಂದಿದೆ ನೋಡಿ, ಅದರ ಹೊಸ್ತಿಲಲ್ಲೇ ಮೆಗ್ನೀಸಿಯಂ ಅನ್ನೋ ಮುದುಕ ಅಡ್ಡ ಕೂತಿರ್ತಾನೆ. ಬರೀ ಬೆಲ್ ಹೊಡೆದ್ರೆ ಅಲ್ಲಾಡಲ್ಲ. ಹೊರಗಡೆ ಬೆಲ್ಲೂ ಹೊಡೀಬೇಕು, ಅದೇ ಹೊತ್ತಿಗೆ ಒಳಗಡೆ ಗಲಾಟೆಯೂ ಎದ್ದಿರ್ಬೇಕು. ಎರಡೂ ಕೂಡಿದಾಗ ಮಾತ್ರ ಮುದುಕ ಎದ್ದು ಜಾಗ ಬಿಡ್ತಾನೆ. ಆಗ ಕ್ಯಾಲ್ಸಿಯಂ ಒಳಗೆ ನುಗ್ಗಿ, 'ಏಳ್ರೋ, ಇದು ಮುಖ್ಯವಾದ ಸುದ್ದಿ' ಅಂತ ಎಲ್ಲರನ್ನೂ ಎಬ್ಬಿಸಿ, ಭೋಳೇ ಜಾತಿ ಬಾಗಿಲುಗಳನ್ನ ಇನ್ನಷ್ಟು ತಂದು ಅಲ್ಲೇ ಕೂರಿಸುತ್ತೆ. ಮುಂದಿನ ಸಲ ಪಕ್ಕದವನು ಪಿಸುಗುಟ್ಟಿದ್ರೂ ಇವನಿಗೆ ಜೋರಾಗಿ ಕೇಳಿಸುತ್ತೆ. ನೆನಪು ಶುರುವಾಗೋದು ಅಲ್ಲೇ."

ಗಂಡ ಎಣ್ಣೆ ಡಬ್ಬಿ ಕೆಳಗಿಟ್ಟು ಯೋಚಿಸಿ, "ಬ್ಯಾಂಕಿನ ಲಾಕರ್ ಇದ್ದಂಗೆ ಅನ್ನು. ನಮ್ಮ ಕೀಲಿ, ಅವರ ಕೀಲಿ, ಎರಡೂ ತಿರುಗಿಸಿದ್ರೇನೇ ತೆಗೆಯೋದು," ಅಂದ. ಅವಳಿಗೆ ಹೊಟ್ಟೆಕಿಚ್ಚಾಯಿತು. ಇಪ್ಪತ್ತಾರು ವರ್ಷ ಅಲ್ಲೇ ಬೇರೂರಿದ್ದರೂ ಇಷ್ಟು ಚೆನ್ನಾದ ಹೋಲಿಕೆ ತನಗೆ ಹೊಳೆದಿರಲಿಲ್ಲ. "ಹಾಂ, ಸುಮಾರು ಹಾಗೇ," ಎಂದು ಮೂಗು ಮುರಿದಳು.

ಈಗ ಅಮ್ಮನ ವಿಷಯ. ಹೊಲಿಗೆಯ ಅಮ್ಮನಿಗೆ ಎಂಬತ್ತು ದಾಟಿತ್ತು, ನಾಲ್ಕು ವರ್ಷದಿಂದ ಮಗಳ ಮನೆಯಲ್ಲೇ ವಾಸ. ನೆನಪು ಹೋಗಿತ್ತು. ಮೊದಲು ಕನ್ನಡಕ ಹೋಯಿತು, ಆಮೇಲೆ ಕೊಡೆ, ಆಮೇಲೆ ಬೀದಿಯ ದಾರಿ, ಆಮೇಲೆ ಅಳಿಯನ ಹೆಸರು, ಕೊನೆಗೆ ಮಗಳೇ. ಮಗಳನ್ನು ಈಗ ತನ್ನ ಅಕ್ಕ ಅಂದುಕೊಂಡಿದ್ದಳು. ಪ್ರತಿ ಸಂಜೆ ಮಗಳು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ಅಮ್ಮ ಕೇಳುವಳು: "ಅಕ್ಕಾ, ನನ್ನ ಮಗಳು ಇನ್ನೂ ಬಂದಿಲ್ಲ ಕಣೇ, ದಾರೀಲಿ ಎಲ್ಲಾದ್ರೂ ನೋಡಿದೆಯಾ?"

"ಬರ್ತಾಳೆ ಬಿಡು, ಕೆಲಸ ಇರುತ್ತೆ," ಅನ್ನುವಳು ಮಗಳು. ಮೊದಮೊದಲು ಬಚ್ಚಲಿಗೆ ಹೋಗಿ ಅತ್ತು ಬರುತ್ತಿದ್ದಳು. ಈಗ ಅಳುವುದಿಲ್ಲ. ಆದರೆ ಬಸ್ಸಿನಲ್ಲಿ ಪ್ರತಿ ಸಲ ಕೊಡೆ ಬಿಟ್ಟು ಇಳಿದಾಗಲೂ ಅವಳ ಎದೆ ಧಸಕ್ಕೆನ್ನುತ್ತಿತ್ತು, ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೇಳುವ ಬದಲು ಚಹಾದ ಹೊತ್ತಿನಲ್ಲಿ ಅದನ್ನೇ ತಮಾಷೆ ಮಾಡಿ ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು. ರಿಮೋಟು ಫ್ರಿಜ್ಜಿಗೆ ಹೋದ ಕಥೆ ಇಡೀ ಪ್ರಯೋಗಾಲಯಕ್ಕೆ ಬಾಯಿಪಾಠವಾಗಿತ್ತು.

ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಅಲ್ಲಿದ್ದಳು. ತೆಳ್ಳಗೆ, ಗಡಿಯಾರ ನೋಡದೆ ದುಡಿಯುವವಳು, ಉಪ್ಪಿನಕ್ಕನ ಡಬ್ಬಿಯಿಂದಲೇ ಊಟ ಮಾಡುವವಳು. ಮರೆವಿಗೆ ಔಷಧಿಯಾಗಬಹುದಾದ ಒಂದು ರಾಸಾಯನಿಕವನ್ನು ಹೋಳುಗಳ ಮೇಲೆ ಪರೀಕ್ಷೆ ಮಾಡುತ್ತಿದ್ದಳು. ಒಂದು ವಾರ ಏನಾಯಿತೋ, ಅವಳ ಹೋಳುಗಳು ಅದ್ಭುತ ಮಾಡತೊಡಗಿದವು. ಸಾಮಾನ್ಯವಾಗಿ ಜೋರಾದ ಚುಚ್ಚುಗಳ ಸರಮಾಲೆ ಕೊಟ್ಟರೆ ಮಾತ್ರ ಪರದೆಯ ಮೇಲಿನ ಹಸಿರು ಗೆರೆ ಎತ್ತರವಾಗಿ ಹಾಗೇ ಉಳಿಯುವುದು. ಹೋಳು ನೆನಪಿಟ್ಟುಕೊಂಡಿತು ಅಂತ ಅದರರ್ಥ. ಈಗ ಸುಮ್ಮನೆ ಸೋಕಿಸಿದರೂ ಗೆರೆ ಏರಿ ಕೂತುಬಿಡುತ್ತಿತ್ತು.

ಪ್ರೊಫೆಸರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈ ಪ್ರೊಫೆಸರ ಬಗ್ಗೆ ಎರಡು ಮಾತು. ನೆನಪಿನ ವಿಷಯದಲ್ಲಿ ಮೂರು ದಪ್ಪ ಪುಸ್ತಕ ಬರೆದಿದ್ದ ಒಳ್ಳೆಯ ಮನುಷ್ಯ. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಜೇಬಿನಲ್ಲಿ ಕನ್ನಡಕ ಹುಡುಕುವವರು. ಅವರು ಮರೆತರೆ ಜನ "ಪಾಪ, ಎಷ್ಟು ಯೋಚನೆಯೋ ತಲೇಲಿ" ಅನ್ನುತ್ತಿದ್ದರು. ಉಪ್ಪಿನಕ್ಕ ಮರೆತರೆ ಮರೆಗುಳಿ ಅನ್ನುತ್ತಿದ್ದರು. ಇರಲಿ ಬಿಡಿ.

ಮೂರನೆಯ ವಾರ ಹುಡುಗಿ ಮುಖ ಸಪ್ಪೆ ಮಾಡಿಕೊಂಡು ಬಂದಳು. ಔಷಧಿಯನ್ನೇ ಹಾಕದ ಹೋಳುಗಳೂ ಅದೇ ಅದ್ಭುತ ಮಾಡುತ್ತಿದ್ದವು! ಸೋಕಿಸಿದ್ದಕ್ಕೆಲ್ಲ ನೆನಪು. ಕೆಲವಂತೂ ಯಾರೂ ಮುಟ್ಟದೆಯೇ ಪಟಪಟ ಸಿಡಿಯುತ್ತಿದ್ದವು. ಅಂದರೆ ಔಷಧಿಯ ಮಹಿಮೆ ಏನೂ ಅಲ್ಲ. ಹೊಸ್ತಿಲಲ್ಲಿ ಕೂರಬೇಕಾದ ಮುದುಕ ಜಾಗದಲ್ಲಿಲ್ಲ. ನೀರಿನಲ್ಲಿ ಮೆಗ್ನೀಸಿಯಂ ಕಡಿಮೆ.

ನೀರು ಮಾಡುವವರು ಯಾರು? ಎಲ್ಲರೂ ಒಮ್ಮೆಗೇ ಅವಳ ಕಡೆ ನೋಡಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡರು. ಆದರೆ ಆ ದಿನ ಚಹಾದ ಹೊತ್ತಿನಲ್ಲಿ ಯಾರೂ ರಿಮೋಟಿನ ಕಥೆ ಹೇಳು ಅನ್ನಲಿಲ್ಲ. ಅದರಿಂದಲೇ ಅವಳಿಗೆ ಅರ್ಥವಾಯಿತು.

ಶುಕ್ರವಾರ ಪ್ರೊಫೆಸರು ಕೋಣೆಗೆ ಕರೆಸಿದರು. ಎದುರಿಗೆ ಹುಡುಗಿಯೂ ತಲೆ ತಗ್ಗಿಸಿ ನಿಂತಿದ್ದಳು. ಪ್ರೊಫೆಸರು ಮೇಜಿನ ಮೇಲಿದ್ದ ಬಿಳಿ ಪ್ಲಾಸ್ಟಿಕ್ ಡಬ್ಬಿಯಿಂದ ಒಂದು ಪೆನ್ನು ತೆಗೆದರು, ನೋಡಿದರು, ವಾಪಸ್ ಹಾಕಿದರು, ಇನ್ನೊಂದು ತೆಗೆದರು. ಹೇಳಲು ಕಷ್ಟಪಡುತ್ತಿದ್ದರು.

"ನೋಡಿಮ್ಮ, ತಪ್ಪು ತಿಳ್ಕೋಬೇಡಿ. ಹಾಳೆ ತೆಗೆದು ನೋಡಿದೆ. ಏಳಕ್ಕೂ ಒಂದೇ ಉಸಿರಲ್ಲಿ ಗುರುತು ಹಾಕಿದ್ದೀರಿ. ಮೆಗ್ನೀಸಿಯಂ ಹಾಕಿದ್ದು ನಿಮಗೆ ಗ್ಯಾರಂಟಿ ನೆನಪಿದೆಯಾ?"

"ಹಾಕಿದ್ದೀನಿ ಸರ್. ಎಡಗಡೆ ಖಾಲಿಯಾಗಿತ್ತು."

"ದಿನಾ?"

ಅವಳು ಬೆರಳು ಮಡಚಿ ಹಿಂದಿನ ದಿನಗಳನ್ನು ಎಣಿಸತೊಡಗಿ, ಮಂಗಳವಾರಕ್ಕೆ ಬಂದು ನಿಂತಳು. ಇಪ್ಪತ್ತಾರು ವರ್ಷ ಒಂದೇ ಕೆಲಸ ಮಾಡಿದವರನ್ನು ಮೊನ್ನೆ ಮಂಗಳವಾರ ಮಾಡಿದೆಯಾ ಅಂತ ಕೇಳಿದರೆ ಯಾರಿಗೆ ತಾನೇ ಬೇರೆಯಾಗಿ ನೆನಪಿರುತ್ತದೆ? ನಿಮಗೆ ನಿನ್ನೆ ಹಲ್ಲುಜ್ಜಿದ್ದು ನೆನಪಿದೆಯಾ?

"ಮನೇಲೂ ಕಷ್ಟ ಇದೆ ನಿಮಗೆ, ಅಮ್ಮನ್ನ ನೋಡ್ಕೋಬೇಕು," ಅಂದರು ಪ್ರೊಫೆಸರು ಮೆತ್ತಗೆ. "ಇನ್ನು ಮೇಲೆ ಸಿದ್ಧ ನೀರು ಹೊರಗಿಂದ ತರಿಸೋಣ. ನೀವು ಕಪಾಟಿನ ಸಾಮಾನಿನ ಪಟ್ಟಿ ನೋಡ್ಕೊಳ್ಳಿ. ಮತ್ತೆ, ನನ್ನ ಸ್ನೇಹಿತರೊಬ್ಬರು ಡಾಕ್ಟರು, ನೆನಪಿನ ಪರೀಕ್ಷೆ ಮಾಡ್ತಾರೆ. ಸೋಮವಾರ ಹನ್ನೊಂದಕ್ಕೆ ಹೇಳಿಟ್ಟಿದ್ದೀನಿ. ಒಂದ್ಸಲ ತೋರಿಸ್ಕೊಂಡು ಬನ್ನಿ, ಅಷ್ಟೇ."

ಅವಳು "ಆಗಲಿ ಸರ್" ಅಂದಳು. ಹೊರಗೆ ಬಂದಾಗ ಹುಡುಗಿ ಹಿಂದೆಯೇ ಓಡಿಬಂದು, "ಅಕ್ಕಾ, ನಾನು ಏನೂ ಹೇಳಲಿಲ್ಲ ಅಕ್ಕಾ," ಅಂದಳು. "ಗೊತ್ತು ಮಗಳೇ, ನಿನ್ನ ಮೂರು ವಾರ ಹಾಳಾಯ್ತಲ್ಲ," ಅಂದಳು ಉಪ್ಪಿನಕ್ಕ. ಬಸ್ಸಿನಲ್ಲಿ ಕೊಡೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಳು. ಕೆಲಸ ಹೋದರೆ ಹೋಗಲಿ ಅನ್ನಬಹುದಿತ್ತು. ಅವಳನ್ನು ಕೊರೆಯುತ್ತಿದ್ದದ್ದು ಬೇರೆ: ಮೊದಲು ಕನ್ನಡಕ, ಆಮೇಲೆ ಕೊಡೆ, ಆಮೇಲೆ ಕೈಯ ಕೆಲಸ. ಅಮ್ಮನ ದಾರಿಯಲ್ಲೇ ತಾನೂ ನಡೆಯುತ್ತಿದ್ದೇನೆಯೇ? ಒಂದು ದಿನ ಈ ಲಾಕರಿನವನನ್ನೂ ಯಾರು ನೀನು ಅಂತ ಕೇಳುತ್ತೇನೆಯೇ?

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ಯಾವತ್ತೂ ಗೇಲಿ ಮಾಡುವವನು, ಆ ದಿನ ಬಾಯಿ ಬಿಡಲಿಲ್ಲ. ಶನಿವಾರವಿಡೀ ತಾನೇ ಹಾಲಿಗೆ ಕಾವಲು ನಿಂತ. ಅವನ ಈ ಕರುಣೆ ಅವಳಿಗೆ ಪ್ರೊಫೆಸರ ಮಾತಿಗಿಂತ ಜಾಸ್ತಿ ಚುಚ್ಚಿತು. "ಬೈಯ್ರೀ ನನ್ನ, ಒಂದು ಸಲ ಬೈಯ್ರೀ!" ಅಂತ ಕೂಗಿಯೇಬಿಟ್ಟಳು.

ಭಾನುವಾರ ಬೆಳಿಗ್ಗೆ ಆದದ್ದು ಇಷ್ಟು. ಅಮ್ಮನಿಗೆ ಎಲ್ಲ ಮರೆತರೂ ಸೂಜಿ ಮರೆತಿರಲಿಲ್ಲ. ಬಿಳಿ ಬಟ್ಟೆಯ ಚೌಕಗಳನ್ನು ಎಡಕ್ಕಿಟ್ಟುಕೊಂಡು, ಒಂದೊಂದರ ಅಂಚು ಮಡಚಿ ಹೊಲಿದು ಬಲಕ್ಕೆ ಹಾಕುತ್ತಾ ದಿನ ಕಳೆಯುವಳು. ಹೊಲಿದದ್ದನ್ನು ಅಳಿಯ ಬೀಗ ಒರೆಸಲು ಬಳಸುತ್ತಿದ್ದ. ಊರಿನಲ್ಲಿ ಅವನಷ್ಟು ಠೀವಿಯಿಂದ ಬೀಗ ಒರೆಸುವವನು ಇನ್ನೊಬ್ಬನಿರಲಿಲ್ಲ. ಆ ದಿನ ಅವನು ಹೊಸ ಬಟ್ಟೆ ತಂದು ಕತ್ತರಿಸಿ ಕೊಟ್ಟ. ಅಮ್ಮ ಎರಡು ಬೆರಳ ನಡುವೆ ಹಿಡಿದು ಉಜ್ಜಿದಳು. ಮತ್ತೆ ಉಜ್ಜಿದಳು. ಆಚೆ ತಳ್ಳಿದಳು.

"ಇದು ಅದಲ್ಲ."

"ಅದೇ ಅತ್ತೆ, ಅದೇ ಅಂಗಡಿಯದು. ನೋಡಿ, ಅದೂ ಬಿಳಿ, ಇದೂ ಬಿಳಿ."

"ಕಣ್ಣಿಗೆ ಬಿಳಿ ಕಣಯ್ಯಾ," ಅಂದಳು ಅಮ್ಮ, ಅಳಿಯ ಯಾರೆಂದು ಗೊತ್ತಿಲ್ಲದಿದ್ದರೂ ಅವನ ದಡ್ಡತನಕ್ಕೆ ಬೇಸರಪಟ್ಟುಕೊಂಡು. "ನಿನ್ನ ಕೈ ಏನು ಹೇಳುತ್ತೆ, ಕೈಯನ್ನ ಕೇಳು."

ಗಂಡ ಉಜ್ಜಿ ನೋಡಿದ. ಹೌದು, ಹೊಸದರಲ್ಲಿ ನೈಲಾನು ಬೆರೆತಿತ್ತು, ಅಂಗಡಿಯವನು ಕೈಕೊಟ್ಟಿದ್ದ. "ಅಬ್ಬಾ ಅತ್ತೆ!" ಎಂದು ನಕ್ಕ. ಆದರೆ ಉಪ್ಪಿನಕ್ಕ ನಗಲಿಲ್ಲ. ತನ್ನ ಬಲ ಅಂಗೈಯನ್ನೇ ದಿಟ್ಟಿಸಿ ನೋಡುತ್ತಾ ನಿಂತುಬಿಟ್ಟಿದ್ದಳು.

ಸೋಮವಾರದ ಕೆಲಸದಲ್ಲಿ ಒಂದು ಸಣ್ಣ ಸುಖ ಇತ್ತು. ಯಾವ ಹಾಳೆಯಲ್ಲೂ ಬರೆಯದ ಸುಖ. ಮೆಗ್ನೀಸಿಯಂ ಪುಡಿಯನ್ನು ನೀರಿಗೆ ಸುರಿದು ಕದಡುವಾಗ ಗಾಜಿನ ಪಾತ್ರೆ ಬೆಚ್ಚಗಾಗುತ್ತದೆ. ಒಣಗಿದ ಆ ಪುಡಿಗೆ ನೀರು ಸಿಕ್ಕಿದ ತಕ್ಷಣ ಮೈಯೆಲ್ಲ ಬಿಸಿ. ಚಳಿಯ ಬೆಳಿಗ್ಗೆ ಅವಳು ಪಾತ್ರೆಯನ್ನು ಅಂಗೈಯಲ್ಲಿ ಹಿಡಿದು ಒಂದೆರಡು ನಿಮಿಷ ಸುಮ್ಮನೆ ನಿಲ್ಲುವಳು. ಕಳೆದ ಮೂರು ಸೋಮವಾರ? ಪುಡಿ ಹಾಕಿದ್ದು ಹೌದು, ಕದಡಿದ್ದು ಹೌದು. ಪಾತ್ರೆ ತಣ್ಣಗಿತ್ತು. ಅಂಗೈ ಅದನ್ನು ಗಮನಿಸಿತ್ತು. ತಲೆ ಮಾತ್ರ ಅಮ್ಮನ ಜ್ವರದ ಹಿಂದೆ ಹೋಗಿ, "ಚಳಿ ಜಾಸ್ತಿ" ಎಂದು ತೇಪೆ ಹಾಕಿತ್ತು.

ಜ್ವರ! ಮೂರು ವಾರದ ಹಿಂದೆ ಅಮ್ಮನಿಗೆ ಜ್ವರ ಬಂದು ಎರಡು ದಿನ ರಜೆ ಹಾಕಿದ್ದಳು. ರಜೆಗೆ ಮುಂಚೆ ಮೆಗ್ನೀಸಿಯಂ ಡಬ್ಬಿ ಖಾಲಿಯಾಗಿತ್ತು, ತೊಳೆದು ಬೋರಲು ಹಾಕಿ ಹೋಗಿದ್ದಳು. ಬಂದು ನೋಡಿದರೆ ಕಂಠಪೂರ್ತಿ ತುಂಬಿತ್ತು. ಉಗ್ರಾಣದವರು ತುಂಬಿಸಿರಬೇಕು ಅಂದುಕೊಂಡಳು. ಅವಳು ಎಲ್ಲ ಉಪ್ಪನ್ನೂ ಕಂಪನಿಯ ಬಿಳಿ ಪ್ಲಾಸ್ಟಿಕ್ ಡಬ್ಬಿಯಿಂದ ತನ್ನ ಸ್ವಂತ ಡಬ್ಬಿಗಳಿಗೆ ಸುರಿದುಕೊಳ್ಳುವ ಪೈಕಿ. ಡಬ್ಬಿಯ ಮೇಲೆ ದಪ್ಪಕ್ಷರದ ಚೀಟಿ, ಯಾಕೆಂದರೆ ಕನ್ನಡಕ ಯಾವತ್ತು ಇರುತ್ತದೋ ಯಾವತ್ತು ಇಲ್ಲವೋ.

"ಏನಾಯ್ತೇ?" ಅಂದ ಗಂಡ.

"ಹಾಕಿದ್ದೀನಿ ಕಣ್ರೀ," ಅಂದಳು. "ನಾನು ಹಾಕಿದ್ದೀನಿ. ಹಾಕಿದ್ದು ಅದಲ್ಲ, ಅಷ್ಟೇ."

ಸೋಮವಾರ ಎಲ್ಲರಿಗಿಂತ ಮೊದಲೇ ಹೋಗಿ ಹುಡುಗಿಗಾಗಿ ಕಾದಳು. ಒಬ್ಬಳೇ ನೋಡಿದರೆ ಮರೆಗುಳಿಯ ಮಾತು ಯಾರು ನಂಬುತ್ತಾರೆ? ಹುಡುಗಿ ಬಂದೊಡನೆ ಕೋಟು ಹಾಕಿಕೊಳ್ಳಲೂ ಬಿಡದೆ ಮೇಜಿನ ಬಳಿ ನಿಲ್ಲಿಸಿದಳು. ಎರಡು ಪುಟ್ಟ ಗಾಜಿನ ಲೋಟ, ಎರಡರಲ್ಲೂ ಸ್ವಲ್ಪ ನೀರು. ಮೂಲೆಯ ಖಾನೆಯಿಂದ ಒಂದು ಸಣ್ಣ ಸೀಸೆ ತೆಗೆದಳು, ಹಳೆಯ ಮೆಗ್ನೀಸಿಯಂ ಡಬ್ಬಿಯ ತಳ ಕೆರೆದು ಎತ್ತಿಟ್ಟ ಎರಡು ಚಮಚ. ಏನನ್ನೂ ಬಿಸಾಡದ ಅವಳ ಬುದ್ಧಿಯನ್ನು ನೋಡಿ ಎಲ್ಲರೂ ನಗುತ್ತಿದ್ದರು. ಒಂದು ಲೋಟಕ್ಕೆ ಹಳೆಯದು, ಇನ್ನೊಂದಕ್ಕೆ ಈಗಿನ ಡಬ್ಬಿಯದು, ಸಮಸಮ ಹಾಕಿ ಕದಡಿದಳು.

"ಹಿಡ್ಕೋ ಮಗಳೇ, ಒಂದೊಂದು ಕೈಯಲ್ಲಿ ಒಂದೊಂದು."

ಹುಡುಗಿ ಹಿಡಿದಳು. ಅವಳ ಹುಬ್ಬು ಮೇಲೇರಿತು. "ಅಕ್ಕಾ, ಇದು ಬಿಸಿ... ಇದು ತಣ್ಣಗೆ." ಮತ್ತೆ ಎರಡನ್ನೂ ಅದಲು ಬದಲು ಮಾಡಿ ಹಿಡಿದಳು. ಆಮೇಲೆ ಬುದ್ಧಿವಂತೆಯಲ್ಲವೇ, ತಟ್ಟನೆ ಹೊಳೆಯಿತು. "ಅಯ್ಯೋ! ಈ ಉಪ್ಪು ಆಗಲೇ ನೀರು ಕುಡಿದಿದೆ! ಇದು ಒಣ ಜಾತಿಯದಲ್ಲ, ಹರಳು ಜಾತಿಯದು. ಪ್ರತಿ ಕಣಕ್ಕೂ ಏಳು ನೀರಿನ ಕಣ ಕಟ್ಟಿಕೊಂಡಿರುತ್ತೆ. ನೀವು ತೂಗಿದ್ದರಲ್ಲಿ ಅರ್ಧ ತೂಕ ಬರೀ ನೀರೇ!"

"ಅಂದ್ರೆ ಮುದುಕ ಅರ್ಧಕ್ಕರ್ಧ ಕಡಿಮೆ."

"ಅರ್ಧಕ್ಕರ್ಧ! ಆದ್ರೆ ನಿಮ್ಮ ಡಬ್ಬಿಗೆ ಇದನ್ನ ಸುರಿದೋರು ಯಾರು ಅಕ್ಕಾ?"

ಉಪ್ಪಿನಕ್ಕ ಆಗಲೇ ಪ್ರೊಫೆಸರ ಕೋಣೆಯ ಕಡೆ ಹೊರಟಿದ್ದಳು. ಶುಕ್ರವಾರ ತನ್ನ ಕಣ್ಣೆದುರಿಗೇ ಪೆನ್ನು ಹೋಗಿ ಬಂದು ಮಾಡಿದ ಬಿಳಿ ಪ್ಲಾಸ್ಟಿಕ್ ಡಬ್ಬಿ ಅವಳಿಗೆ ನೆನಪಾಗಿತ್ತು. ಪೆನ್ನು ಇಡಲು ಪ್ರೊಫೆಸರು ಮೊದಲು ಬಳಸುತ್ತಿದ್ದದ್ದು ಒಡೆದ ಚಹಾದ ಕಪ್ಪು. ತಾನಂತೆ ಮರೆಗುಳಿ!

ಪ್ರೊಫೆಸರು ಆಗತಾನೆ ಬಂದು ಬ್ಯಾಗಿನಲ್ಲಿ ಏನನ್ನೋ ಹುಡುಕುತ್ತಿದ್ದರು. "ಓ, ಹನ್ನೊಂದಕ್ಕೆ ಅಲ್ವಾ ಡಾಕ್ಟರು? ಇನ್ನೂ ಹೊತ್ತಿದೆಯಲ್ಲ," ಅಂದರು. ಅವಳು ಮೇಜಿನ ಬಳಿ ಹೋಗಿ, ಡಬ್ಬಿಯಿಂದ ಒಂದೊಂದೇ ಪೆನ್ನು ತೆಗೆದು ಬಲಗಡೆ ಸಾಲಾಗಿ ಇಟ್ಟಳು. ಒಂದು, ಎರಡು, ಮೂರು. ಒಂದು ಸ್ಕೇಲು. ಒಂದು ಹಲ್ಲುಜ್ಜುವ ಬ್ರಷ್ಷು, ಅದು ಅಲ್ಲಿಗೆ ಹೇಗೆ ಬಂತೋ ಪ್ರೊಫೆಸರಿಗೂ ಗೊತ್ತಿದ್ದಂತಿರಲಿಲ್ಲ. ಡಬ್ಬಿ ಖಾಲಿಯಾದ ಮೇಲೆ ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿದ್ದ ಚೀಟಿಯನ್ನು ಅವರ ಕಡೆ ಹಿಡಿದಳು.

"ಓದಿ ಸರ್, ನನ್ನ ಕನ್ನಡಕ ಎಲ್ಲೋ ಇಟ್ಟಿದ್ದೀನಿ."

ಪ್ರೊಫೆಸರು ಹಣೆಯ ಮೇಲಿನದನ್ನು ಇಳಿಸಿಕೊಂಡು ಓದಿದರು. ಮೆಗ್ನೀಸಿಯಂ ಸಲ್ಫೇಟು. ಅದರ ಕೆಳಗೆ ಇನ್ನೊಂದು ಪದ, ಹೆಪ್ಟಾಹೈಡ್ರೇಟ್. ಏಳು ನೀರಿನದು. ಅವರ ಮುಖದ ಬಣ್ಣ ನಿಧಾನವಾಗಿ ಇಳಿಯಿತು. ಕುರ್ಚಿ ಎಳೆದುಕೊಂಡು ಕುಸಿದು ಕೂತರು.

"ನೀವು ರಜೆ ಹಾಕಿದ್ರಿ," ಅಂದರು. "ಒಣ ಜಾತಿಯದು ಸಿಗಲಿಲ್ಲ ಅಂತ ಅಂಗಡಿಯವರು ಇದನ್ನ ಕಳಿಸಿದ್ರು. ನಿಮ್ಮ ಡಬ್ಬಿ ಬೋರಲು ಬಿದ್ದಿತ್ತು. ಬಂದ ಮೇಲೆ ನಿಮಗೆ ಯಾಕೆ ತೊಂದರೆ ಅಂತ ನಾನೇ ತುಂಬಿಸಿದೆ. ತೂಕ ಎರಡರಷ್ಟು ಮಾಡಿ ಅಂತ ಹಾಳೇಲಿ ತಿದ್ದಬೇಕು ಅಂದ್ಕೊಂಡೆ. ಪೆನ್ನು ಹುಡುಕೋಕೆ ಇಲ್ಲಿಗೆ ಬಂದೆ..." ಅಲ್ಲಿಗೆ ನಿಲ್ಲಿಸಿ, ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಪೆನ್ನುಗಳನ್ನು ನೋಡಿದರು. "ಮರೆತೇಬಿಟ್ಟೆ."

ಬಾಗಿಲಲ್ಲಿ ನಿಂತಿದ್ದ ಹುಡುಗಿ ನಗು ತಡೆಯಲು ತುಟಿ ಕಚ್ಚಿಕೊಂಡಳು. ಉಪ್ಪಿನಕ್ಕನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಮೂರು ದಿನ ಅವಳು ನಿದ್ದೆ ಕಂಡಿರಲಿಲ್ಲ. ಅದನ್ನು ಹೇಳಿಯೇಬಿಟ್ಟಳು. "ಮೂರು ದಿನ ಸರ್, ನಾನು ನನ್ನ ಗಂಡನ ಹೆಸರು ನೆನಪಿದೆಯಾ ಅಂತ ಗಂಟೆಗೊಂದು ಸಲ ನನ್ನನ್ನೇ ಕೇಳ್ಕೊಂಡಿದ್ದೀನಿ."

"ಕ್ಷಮಿಸಿಬಿಡಿ ಅಮ್ಮ," ಅಂದರು ಪ್ರೊಫೆಸರು. ಆ ಮಾತಿನಲ್ಲಿ ನಾಟಕ ಇರಲಿಲ್ಲ. "ಡಾಕ್ಟರಿಗೆ ಬೇಡ ಅಂತ ಈಗಲೇ ಫೋನ್ ಮಾಡ್ತೀನಿ."

"ಬೇಡ ಸರ್. ಹೋಗ್ತೀನಿ." ಡಬ್ಬಿಯ ವಿಷಯ ತೀರ್ಮಾನವಾಯಿತು, ಕೊಡೆಗಳ ವಿಷಯ ಆಗಿಲ್ಲವಲ್ಲ. "ನನಗೂ ಗೊತ್ತಾಗ್ಬೇಕು. ನೀವೂ ಬನ್ನಿ. ಇಬ್ಬರಿಗೂ ಒಟ್ಟಿಗೇ ಆಗಿಹೋಗಲಿ."

ಹಾಗೆ ಆ ದಿನ ಹನ್ನೊಂದು ಗಂಟೆಗೆ ಮೂರು ದಪ್ಪ ಪುಸ್ತಕದ ಪ್ರೊಫೆಸರೂ ಉಪ್ಪಿನಕ್ಕನೂ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕಪಕ್ಕ ಕೂತಿದ್ದರು, ಪರೀಕ್ಷೆಗೆ ಓದದೆ ಬಂದ ಮಕ್ಕಳ ಹಾಗೆ. ಡಾಕ್ಟರು ಕುರ್ಚಿ, ಸೇಬು, ಗಂಟೆ ಅಂತ ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಅಂದರು. ಗಡಿಯಾರ ಬರೆಸಿದರು, ನೂರರಿಂದ ಏಳೇಳು ಕಳೆಸಿದರು, ಇನ್ನೂ ಏನೇನೋ ಕೇಳಿದರು. ಕೊನೆಗೆ ಆ ಮೂರು ಪದ ಯಾವುದು ಅಂದಾಗ ಉಪ್ಪಿನಕ್ಕ ಮೂರನ್ನೂ ಹೇಳಿದಳು. ಪ್ರೊಫೆಸರು ಕುರ್ಚಿ, ಗಂಟೆ ಹೇಳಿ, ನಡುವಿನದಕ್ಕೆ ಚಾವಣಿ ನೋಡತೊಡಗಿದರು. ಅವಳು ಮೆಲ್ಲಗೆ ಹಣ್ಣು ಕಚ್ಚಿದಂತೆ ಬಾಯಿ ಆಡಿಸಿ ತೋರಿಸಿದಳು. "ಕಾಪಿ ಹೊಡೆಸಬೇಡಿಮ್ಮ," ಅಂದರು ಡಾಕ್ಟರು.

ಇಬ್ಬರಿಗೂ ಏನೂ ಕಾಯಿಲೆಯಿಲ್ಲ ಅಂತ ಆಯಿತು. ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳಿ ಅಂತಷ್ಟೇ ಹೇಳಿದರು. "ಮತ್ತೆ ಕೊಡೆ ಡಾಕ್ಟ್ರೇ? ಕನ್ನಡಕ?" ಅಂತ ಅವಳು ಪಟ್ಟು ಹಿಡಿದಳು.

"ಕೊಡೆ ಬಿಡುವಾಗ ನಿಮ್ಮ ಗಮನ ಎಲ್ಲಿರುತ್ತೆ?"

"ಅಮ್ಮನ ಮೇಲೆ."

"ಹಾಗಾದ್ರೆ ನೀವು ಕೊಡೇನ ಮರೆತಿದ್ದಲ್ಲ. ಅದನ್ನ ಎಲ್ಲಿಟ್ಟಿರಿ ಅಂತ ಮನಸ್ಸು ಬರ್ಕೊಂಡೇ ಇಲ್ಲ. ಬರ್ಕೊಳ್ಳದೇ ಇರೋದು ಅಳಿಸಿಹೋಗೋದಾದ್ರೂ ಹೇಗೆ?"

ಅವಳಿಗೆ ನಗು ಬಂತು. ಹೊರಗಡೆ ಬೆಲ್ ಹೊಡೆದಿತ್ತು, ಒಳಗಡೆ ಗಲಾಟೆ ಇರಲಿಲ್ಲ, ಮುದುಕ ಏಳಲಿಲ್ಲ. ಇಪ್ಪತ್ತಾರು ವರ್ಷ ಊರಿಗೆಲ್ಲ ಹೇಳಿದ ಪಾಠ ತನಗೇ ಹೇಳಿಕೊಂಡಿರಲಿಲ್ಲ ನೋಡಿ. ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಮೆಟ್ಟಿಲಿಳಿಯುವಾಗ ಹುಡುಗಿಯಂತೆ ಎರಡೆರಡು ಮೆಟ್ಟಿಲು ಹಾರುವ ಮನಸ್ಸಾಯಿತು, ಮಂಡಿ ಒಪ್ಪಲಿಲ್ಲ.

ಮಧ್ಯಾಹ್ನವೇ ಮನೆಗೆ ಬಂದಳು. ಗಂಡ ಅಂಗಡಿ ಬಿಟ್ಟು ಬಂದು ಬಾಗಿಲಲ್ಲೇ ಕಾಯುತ್ತಿದ್ದ. ಅವಳ ಮುಖ ನೋಡಿದ್ದೇ ತಡ, "ಸದ್ಯ! ಇನ್ನು ಮೇಲೆ ಹಾಲು ನೀನೇ ನೋಡ್ಕೋ, ಮೂರು ದಿನದಿಂದ ನಿಂತೂ ನಿಂತೂ ಸೊಂಟ ಹೋಯ್ತು ನಂದು," ಅಂತ ಗೊಣಗಿದ. ಆ ಗೊಣಗಾಟ ಅವಳಿಗೆ ಅಮೃತದಂತೆ ಕೇಳಿಸಿತು. ಅವನ ಕಣ್ಣು ಒದ್ದೆಯಾಗಿದ್ದನ್ನು ನೋಡಿಯೂ ನೋಡದಂತೆ ಒಳಗೆ ಹೋದಳು.

ಅಮ್ಮ ಕಿಟಕಿಯ ಬಳಿ ಕೂತಿದ್ದಳು. ಹಳೆಯ ಬಟ್ಟೆ ಮುಗಿದಿತ್ತು, ಎಡಗಡೆ ಖಾಲಿ, ಕೈ ಸುಮ್ಮನೆ ತೊಡೆಯ ಮೇಲಿತ್ತು. ತಲೆಯೆತ್ತಿ ಕೇಳಿದಳು. "ಅಕ್ಕಾ, ನನ್ನ ಮಗಳು ಇನ್ನೂ ಬಂದಿಲ್ಲ ಕಣೇ, ದಾರೀಲಿ ಎಲ್ಲಾದ್ರೂ ನೋಡಿದೆಯಾ?"

ಬರ್ತಾಳೆ ಬಿಡು ಅನ್ನಲು ಬಾಯಿ ತೆರೆದವಳು ತಡೆದುಕೊಂಡಳು. ನೆಲದ ಮೇಲೆ ಕೂತು ಅಮ್ಮನ ಎರಡೂ ಕೈ ಹಿಡಿದುಕೊಂಡಳು. ಬೆರಳು ಮಂಜಿನಷ್ಟು ತಣ್ಣಗಿದ್ದವು. ಹಿಂದೆ ಚಳಿಯ ದಿನಗಳಲ್ಲಿ ಹೊಲಿಗೆ ಮಷೀನಿನ ಚಕ್ರ ತಿರುಗಿಸಿ ತಿರುಗಿಸಿ ಬೆರಳು ಮರಗಟ್ಟಿದಾಗ ಅಮ್ಮ ಕೆಳಗೆ ಬಗ್ಗಿ, "ಎಲ್ಲಿ, ನನ್ನ ಒಲೆ ಎಲ್ಲಿ?" ಎಂದು ಗುಂಡಿ ಆಯುತ್ತಿದ್ದ ಮಗಳ ಅಂಗೈಯೊಳಗೆ ಬೆರಳು ತೂರಿಸುತ್ತಿದ್ದಳು.

ಅಮ್ಮನ ಬೆರಳು ನಿಧಾನವಾಗಿ ಆ ಅಂಗೈಯನ್ನು ಉಜ್ಜಿದವು, ಬಟ್ಟೆಯನ್ನು ಉಜ್ಜಿ ನೋಡುವ ಹಾಗೆಯೇ. ಮತ್ತೆ ಉಜ್ಜಿದವು. ಆಮೇಲೆ ಒಳಗೆ ತೂರಿಕೊಂಡವು.

"ಬಂದ್ಲು ಕಣೇ ಅಕ್ಕಾ," ಅಂದಳು ಅಮ್ಮ ನೆಮ್ಮದಿಯಿಂದ, ಅವಳ ಮುಖ ನೋಡದೆ, ಕಿಟಕಿಯ ಹೊರಗೆ ನೋಡುತ್ತಾ. "ನನ್ನ ಒಲೆ ಬಂತು."

ಉಪ್ಪಿನಕ್ಕ ಈ ಸಲ ಅಳಲು ಬಚ್ಚಲಿಗೆ ಹೋಗಲಿಲ್ಲ. ಅಲ್ಲೇ ಅತ್ತಳು. ಅಳುತ್ತಿರುವಾಗಲೇ ಕೊಡೆ ಆಸ್ಪತ್ರೆಯ ಬೆಂಚಿನ ಮೇಲೆ ಉಳಿದುಹೋದದ್ದು ನೆನಪಾಯಿತು. ಇದ್ದರೆ ಇರಲಿ ಅಂತ ಕೈ ಬಿಡಿಸಿಕೊಳ್ಳದೆ ಕೂತಳು.